ಏನುತನಕ್ಕೊಂದು ಪದ

ಶಮ್ಸಿ ಕೋಣೆಗೆ ಕಾಲಿಟ್ಟಾಗ ಪೆಲಾಯೊ ಚರ್ಮದ ಹಾಳೆಯ ಮೇಲಿದ್ದ ಅವಳ ಹೆಸರನ್ನು ಚಾಕುವಿನಿಂದ ಕೆರೆಯುತ್ತಿದ್ದ.



ತೊಲೆದೊ ಊರಿನ ಇಡೀ ಚಳಿಗಾಲ ಇಬ್ಬರೂ ಇದೇ ಮೇಜಿಗೆ ಕೂತವರು. ಅವಳು ಅರಬ್ಬಿ ತತ್ವಗ್ರಂಥ ಓದಿ ಊರಮಾತಿನಲ್ಲಿ ಹೇಳುವುದು, ಅವನು ಅದನ್ನು ಲ್ಯಾಟಿನ್ನಿಗೆ ತರುವುದು. ಮೊದಲ ಹಾಳೆಯಲ್ಲಿ ಇಬ್ಬರ ಹೆಸರೂ ಇರಬೇಕು, ಅದು ವಾಡಿಕೆ.

"ಕೆಲಸ ಮುಗೀತು, ಇನ್ನು ನಾನ್ಯಾಕೆ... ಅಲ್ವಾ?"

"ಹಿಂದಿನ ಬಾಗಿಲಿಂದ ಹೋಗು ಶಮ್ಸಿ. ಈಗಲೇ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಅವಳು ಪರದೆಯ ಹಿಂದೆ ಸರಿದಳು.

ಬಂದವನು ಬಿಷಪ್ಪರ ವಿಚಾರಕ, ಧರ್ಮಕ್ಕೆ ಎದುರಾದ ಬರಹ ಹುಡುಕುವವನು. ಮೆಲುದನಿಯವನು.

"'ಕ್ವಿದಿತಾಸ್'... ಇದ್ಯಾವ ಲ್ಯಾಟಿನ್ನಪ್ಪಾ? ನಮ್ಮ ಹಿರಿಯರ ಬಾಯಲ್ಲಿ ಬಂದಿದ್ದಲ್ಲ."

ಆ ಪದ ಶಮ್ಸಿಗೆ ಚೆನ್ನಾಗಿ ಗೊತ್ತಿತ್ತು. ವಸ್ತುವಿನ ತಿರುಳನ್ನು ಹೇಳುವ ಅರಬ್ಬಿಯ 'ಮಾಹಿಯ್ಯ'ಕ್ಕೆ ಸಾಟಿ ಸಿಗದೆ ಅವನು ಒದ್ದಾಡುತ್ತಿದ್ದಾಗ ಅವಳೇ ಹೇಳಿದ್ದಳು: "'ಅದು ಏನು' ಅಂತ ಕೇಳ್ತೀವಲ್ಲ, ಅದರಿಂದಲೇ ನಮ್ಮವರು ಪದ ಕಟ್ಟಿದ್ದು. ನಿಮ್ಮಲ್ಲೂ 'ಏನು' ಅನ್ನೋಕೆ 'ಕ್ವಿದ್' ಇಲ್ವಾ? ಅದಕ್ಕೊಂದು ಬಾಲ ಹಚ್ಚಿ." ಏನುತನ! ಮುಂದೆಂದೋ ಇಂಗ್ಲಿಷರ ಬಾಯಲ್ಲಿ 'ಕ್ವಿಡಿಟಿ' ಆಗಲಿದ್ದ ಪದ ಅವರಿಬ್ಬರ ನಗುವಿನ ನಡುವೆ ಹುಟ್ಟಿತ್ತು.

"ದೇವರನ್ನೂ 'ಏನು' ಅಂತ ಕೇಳೋ ಸೊಕ್ಕು... ಅರಬ್ಬಿ ಓದಿ ಹೇಳಿದ್ದು ಯಾರು?" ವಿಚಾರಕ ಕೇಳಿದ.

"ಯಾರೂ ಇಲ್ಲ. ಓದಿದ್ದೂ ನಾನೇ, ಕಟ್ಟಿದ್ದೂ ನಾನೇ."

'ಅಯ್ಯೋ... ನನ್ನನ್ನು ಉಳಿಸೋಕೆ ಹೆಸರು ಕೆರೆದದ್ದಾ!'

ವಿಚಾರಕ ಅರಬ್ಬಿ ಗ್ರಂಥ ತೆರೆದಿಟ್ಟ. "ಓದು."

ಪೆಲಾಯೊನ ಬೆರಳು ಸಾಲಿನ ಎಡತುದಿಗೆ ಹೋಯಿತು. ಲ್ಯಾಟಿನ್ ಕೈಯ ಅಭ್ಯಾಸ. ಅರಬ್ಬಿ ಶುರುವಾಗುವುದು ಬಲದಿಂದ.

ವಿಚಾರಕ ಸಣ್ಣಗೆ ನಕ್ಕ. "ಸುಳ್ಳಿಗೆ ಶಿಕ್ಷೆ ಬೇರೆ ಇದೆ."

ಪರದೆ ಸರಿಯಿತು. ಶಮ್ಸಿ ಬಂದು ಬಲತುದಿಯಲ್ಲಿ ಬೆರಳಿಟ್ಟಳು. ಆ ಸಾಲನ್ನು ಪ್ರಾರ್ಥನೆಯಂತೆ ತಗ್ಗಿದ ದನಿಯಲ್ಲಿ ಪೂರ್ತಿ ಓದಿದಳು.

"ಓದಿದ್ದು ನಾನು. ಪದವೂ ನನ್ನದೇ."

"ಹಾಗಾದ್ರೆ ನಾಳೆ ಬೆಳಿಗ್ಗೆ ಬಿಷಪ್ಪರ ಮುಂದೆ ಇಬ್ಬರೂ ಬನ್ನಿ," ಎಂದವನು ಗ್ರಂಥವನ್ನು ಕಂಕುಳಲ್ಲಿಟ್ಟು ಹೊರಟ. ಎರಡೂ ಬಾಗಿಲಿಗೆ ಕಾವಲು ಬಿತ್ತು.

"ಯಾಕೆ ಬಂದೆ?" ಪೆಲಾಯೊ ಕೇಳಿದ.

"ಎಡದಿಂದ ಓದೋರನ್ನ ಒಂಟಿಯಾಗಿ ಬಿಡೋಕಾಗುತ್ತಾ?"

ಅವನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

"ಸಾಯೋವರೆಗೂ ಜೊತೆಗಿರ್ತೀಯಾ ಅಂತ ಕೇಳಬೇಕು ಅಂತಿದ್ದೆ... ಈಗ ಕೇಳೋಕೇ ಭಯ. ಅದು ನಾಳೆಯವರೆಗೆ ಮಾತ್ರವೇನೋ."

ಅವಳು ಮೊದಲ ಬಾರಿಗೆ ಅವನನ್ನು ಏಕವಚನದಲ್ಲಿ ಕರೆದಳು.

"ಕೇಳು ನೀನು."

"ಇರ್ತೀಯಾ?"

"ಇದ್ದೀನಲ್ಲ..."