ತೊರೆ ಸೇರುವ ಕಡೆ ಐಸು ತೆಳು

ಪಾರ್ಕಿಂಗ್ ಲಾಟಿನಲ್ಲಿ ಮಂಜೇಶನ ಆ ಬೂದು ಬಣ್ಣದ ಹಳೇ ಕಾರು ಕಂಡ ಕೂಡಲೇ ಲಾವಣ್ಯಾಗೆ, ಹಾಗೇ ತಿರುಗಿಸಿಕೊಂಡು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಅವತ್ತು ಮಧ್ಯಾಹ್ನ ಪಿಸ್ಕಾಟವೇಯಲ್ಲಿ ಗೆಳತಿ ಸೌಜನ್ಯಳ ಮನೆಯಲ್ಲಿ, ಊರಿಗೆ ವಾಪಸ್ ಹೊರಟಿದ್ದ ಅವನಿಗೆ ಬೀಳ್ಕೊಡುಗೆ ಊಟ. ಲಾವಣ್ಯಾ ಜ್ವರ ಅಂತ ಮೆಸೇಜ್ ಹಾಕಿ, ಕ್ಯಾಮೆರಾ ಬ್ಯಾಗ್, ಟ್ರೈಪಾಡ್ ಹಿಡಿದು, ಒಬ್ಬಳೇ ಲೇಕ್ ಹೊಪ್ಯಾಟ್‌ಕಾಂಗ್‌ಗೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ಮಗಳು ಇಂಚರ ಆ ವೀಕೆಂಡ್ ಅಪ್ಪನ ಮನೆಯಲ್ಲಿದ್ದಳು. ಎಲ್ಲರೆದುರು ಪಾಯಸ ತಿನ್ನುತ್ತಾ, ನಗುತ್ತಾ, "ಹೋಗಿ ಬನ್ನಿ" ಅನ್ನುವ ಶಕ್ತಿ ಅವಳಿಗಿರಲಿಲ್ಲ.

ಆದರೆ ಅವನು ಇಲ್ಲೇ ಇದ್ದ. ದಡದಲ್ಲಿ ಹೊಟ್ಟೆ ಮೇಲೆ ಮಲಗಿ, ಕ್ಯಾಮೆರಾವನ್ನು ಐಸಿಗೆ ತಾಗಿಸುವ ಹಾಗೆ ಹಿಡಿದಿದ್ದ.

ಕೆರೆ ಪೂರ್ತಿ ಹೆಪ್ಪುಗಟ್ಟುವ ಮೊದಲು ಜೋರು ಗಾಳಿ ಬೀಸಿತ್ತು. ಅಲೆಗಳು ಎರಚಿದ ನೀರು ಪೊದೆಯ ಒಂದೊಂದು ಕಡ್ಡಿಯ ಮೇಲೂ ಗಾಜಿನ ಹಾಗೆ ಕೂತಿತ್ತು. ದೋಣಿ ಕಟ್ಟುವ ಮರದ ಡಾಕಿನ ಕೆಳಗೆ ಸಣ್ಣ ಸಣ್ಣ ಗಂಟೆಗಳಂತೆ ಐಸು ತೂಗುತ್ತಿತ್ತು. ಬೆಳಗಿನ ಬಿಸಿಲು ಅದರೊಳಗೆ ಹೊಕ್ಕು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು.

"ಜ್ವರ ಹೇಗಿದೆ?" ತಲೆ ಎತ್ತದೆಯೇ ಕೇಳಿದ.

ಲಾವಣ್ಯಾ ನಿಂತಲ್ಲೇ ನಿಂತಳು. "ಪ್ಯಾಕಿಂಗ್ ಇದೆ, ಲೇಟಾಗಿ ಬರ್ತೀನಿ ಅಂತ ನೀವು ಸೌಜನ್ಯಂಗೆ ಹೇಳಿದ್ರಂತೆ?"

"ಅದನ್ನೇ ಮಾಡ್ತಿದ್ದೀನಿ. ಇಲ್ಲಿಂದ ತಗೊಂಡು ಹೋಗೋಕೆ ಬೇರೇನಿದೆ ನನ್ನ ಹತ್ರ?"

"ನಾನೇ ಅಂತ ಹೇಗೆ ಗೊತ್ತಾಯ್ತು?"

"ಐಸ್ ಹತ್ರ ಇಷ್ಟು ಹೆದರಿಕೊಂಡು ಹೆಜ್ಜೆ ಇಡೋರು ನ್ಯೂ ಜೆರ್ಸಿಯಲ್ಲಿ ನೀವೊಬ್ರೇ, ಲಾವಣ್ಯಾ ಅವ್ರೆ."

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ಎದೆಯಲ್ಲಿ ನೋವೂ ಬಂತು.

ಎರಡು ಚಳಿಗಾಲಗಳಿಂದ ಅವರಿಬ್ಬರೂ ಹೀಗೇ ಐಸ್ ಹುಡುಕಿಕೊಂಡು ಅಲೆಯುತ್ತಿದ್ದರು. ಕನ್ನಡ ಕೂಟದ ಫೋಟೋ ಗುಂಪಿನಲ್ಲಿ ಶುರುವಾದ ಪರಿಚಯ. ಉಳಿದವರೆಲ್ಲ ಚಳಿ ಅಂತ ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಇವರಿಬ್ಬರೇ ಉಳಿದರು. ಒಂದೇ ಫ್ಲಾಸ್ಕಿನ ಕಾಫಿ, ಒಂದೇ ಬಂಡೆಯ ಮೇಲೆ ಕೂತು ಹಂಚಿಕೊಂಡ ಕೋಡುಬಳೆ, ಲೆನ್ಸ್ ಬದಲಿಸುವಾಗ ತಾಗಿದ ಬೆರಳು. ಇಷ್ಟಾದರೂ ಇಬ್ಬರೂ "ನೀವು" ಬಿಟ್ಟು "ನೀನು"ಗೆ ಇಳಿದಿರಲಿಲ್ಲ. ಮಂಡ್ಯ ಕಡೆಯ ಮಂಜೇಶನಿಗೆ ಯಾರನ್ನಾದರೂ ಬಹುವಚನದಲ್ಲಿ ಕರೆಯುವುದೇ ಕಷ್ಟ. ಅವಳ ವಿಷಯದಲ್ಲಿ ಮಾತ್ರ ಎಂದೂ ತಪ್ಪಿರಲಿಲ್ಲ.

ಅವನ ಕ್ಯಾಮೆರಾ ಆಫ್ ಆಯಿತು. ಚಳಿಗೆ ಬ್ಯಾಟರಿ ಸತ್ತಿತ್ತು. ಲಾವಣ್ಯಾ ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟಿದ್ದ ತನ್ನ ಬ್ಯಾಟರಿ ತೆಗೆದು ಕೊಟ್ಟಳು. ಅವನು ಅದನ್ನು ಕ್ಯಾಮೆರಾಕ್ಕೆ ಹಾಕಲಿಲ್ಲ. ಗ್ಲೌಸ್ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಕೂತ. ಅದರ ಬಿಸಿ ಆರುವವರೆಗೂ ಹಿಡಿದುಕೊಂಡೇ ಇದ್ದ. ಅವಳು ನೋಡಿದ್ದು ಗೊತ್ತಾಗಿ ಕಣ್ಣು ತಪ್ಪಿಸಿದ.

"ಸೋಮವಾರ ಫ್ಲೈಟ್ ಎಷ್ಟೊತ್ತಿಗೆ?"

"ಸಂಜೆ. ನ್ಯೂಅರ್ಕಿಂದ."

"ಬೇರೆ ದಾರೀನೇ ಇಲ್ವಾ?"

"ಲೇಆಫ್ ಆದ್ಮೇಲೆ ಹಾಕಿದ ಅರ್ಜಿಗಳಿಗೆಲ್ಲ ಒಂದೇ ಉತ್ತರ, ವೀಸಾ ಸ್ಪಾನ್ಸರ್ ಮಾಡಲ್ಲ. ಕೆಲಸ ಇಲ್ಲದೆ ಇರೋಕೆ ಕೊಟ್ಟ ಗ್ರೇಸ್ ಪೀರಿಯಡ್ ಮುಗೀತಾ ಬಂತು. ಹೊರಡಲೇಬೇಕು." ಅವನು ಕೆರೆ ನೋಡುತ್ತಾ ಹೇಳಿದ. "ಇನ್ನೊಂದು ಸಲ ಈ ಕಡೆ ಬರ್ತೀನೋ ಇಲ್ವೋ."

ಲಾವಣ್ಯಾ ತುಟಿ ಕಚ್ಚಿದಳು. ಒಂದು ಮಾತನ್ನು ಅವಳು ಎಷ್ಟೋ ದಿನದಿಂದ ಆಡದೆ ಇಟ್ಟುಕೊಂಡಿದ್ದಳು.

ಅವಳು ಅಮೆರಿಕನ್ ಸಿಟಿಜನ್. ಮದುವೆಯಾದರೆ ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ಇದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಸಂಕ್ರಾಂತಿ ಊಟದ ದಿನ ಸೌಜನ್ಯ ಅದನ್ನೇ ಎಲ್ಲರೆದುರು ತಮಾಷೆ ಮಾಡಿದ್ದಳು. "ಮಂಜೇಶ್‌ಗೆ ವೀಸಾ ಬೇಕು, ಲಾವಣ್ಯಾ ಸಿಟಿಜನ್ನು. ಮುಗೀತಲ್ಲ!" ಎಲ್ಲರೂ ನಕ್ಕಿದ್ದರು. ಮಂಜೇಶ್ ನಗಲಿಲ್ಲ. ಮುಖ ಕಪ್ಪು ಮಾಡಿಕೊಂಡು, "ಅಂಥ ಗತಿ ನನಗಿನ್ನೂ ಬಂದಿಲ್ಲ" ಅಂದು ಎದ್ದು ಹೋಗಿದ್ದ.

ಅವತ್ತಿನಿಂದ ಅವಳು ಅವನ ಫೋನ್ ಎತ್ತಿರಲಿಲ್ಲ.

"ಒಳ್ಳೇದೇ ಆಯ್ತು ಬಿಡಿ," ಎಂದಳು ಈಗ. ತನ್ನ ದನಿ ತನಗೇ ಒರಟಾಗಿ ಕೇಳಿಸಿತು. "ಗತಿಗೆಟ್ಟು ನನ್ನಂಥೋಳ ಹತ್ರ ಬರೋ ಕಷ್ಟ ತಪ್ಪಿತು."

ಅವನು ತಟ್ಟನೆ ತಿರುಗಿದ. "ಏನಂದ್ರಿ?"

"ನೀವೇ ಅಂದಿದ್ದು. ಡಿವೋರ್ಸ್ ಆದೋಳು, ಒಂದು ಮಗು ಬೇರೆ. ಸರಿಯಾಗೇ ಹೇಳಿದ್ರಿ."

"ಲಾವಣ್ಯಾ ಅವ್ರೆ, ನಾನು ಹೇಳಿದ್ದು ಅದಲ್ಲ..."

ಅವಳು ಕೇಳಿಸಿಕೊಳ್ಳಲಿಲ್ಲ. ಕಣ್ಣು ತುಂಬಿ ದಡವೂ ಕೆರೆಯೂ ಒಂದೇ ಬಿಳಿಯಾಗಿ ಕಾಣುತ್ತಿತ್ತು. ಅವನಿಗೆ ಅಳು ತೋರಿಸಬಾರದು ಅನ್ನೋದೊಂದೇ ತಲೆಯಲ್ಲಿ. ಎತ್ತ ಹೋಗುತ್ತಿದ್ದೇನೆ ಅಂತಲೂ ನೋಡದೆ, ಡಾಕ್ ದಾಟಿ, ಐಸಿನ ಮೇಲೇ ಸರಸರ ನಡೆದಳು.

"ಆ ಕಡೆ ಬೇಡ!" ಮಂಜೇಶ್ ಕೂಗಿದ. "ಅಲ್ಲಿ ತೊರೆ ಬಂದು ಸೇರುತ್ತೆ! ಐಸ್ ತೆಳು!"

ಅವಳು ನಿಲ್ಲಲಿಲ್ಲ. ಹಿಂದೆ ಅವನ ಬೂಟಿನ ಸದ್ದು ಓಡೋಡಿ ಬಂತು. ಯಾರೋ ದೊಡ್ಡ ತಂತಿ ಮೀಟಿದ ಹಾಗೆ ಕೆರೆಯೊಳಗಿಂದ ಗುಂಯ್ ಅಂತು. ಆಮೇಲೆ ಚಟ್ ಅಂತ ಒಂದು ಸದ್ದು.

ಅವಳು ತಿರುಗುವಷ್ಟರಲ್ಲಿ ಮಂಜೇಶ್ ಇರಲಿಲ್ಲ. ಅವನಿದ್ದ ಜಾಗದಲ್ಲಿ ಕಪ್ಪು ನೀರು ತುಳುಕುತ್ತಿತ್ತು.



ಅವನ ತಲೆ ನೀರಿನ ಮೇಲೆ ಬಂತು. ಅವನು ಐಸಿನ ಅಂಚು ಹಿಡಿದ, ಅದು ಬಿಸ್ಕತ್ತಿನ ಹಾಗೆ ಮುರಿಯಿತು. ಮತ್ತೆ ಹಿಡಿದ, ಮತ್ತೆ ಮುರಿಯಿತು. ಕಾಲಿಗೆ ನೆಲ ಸಿಗುತ್ತಿರಲಿಲ್ಲ, ಕೆಳಗೆ ಬರೀ ಕೆಸರು. ಉಸಿರು ಸಿಗದೆ ಬಾಯಿ ಬಿಡುತ್ತಿದ್ದ.

"ಬರ್ಬೇಡಿ," ಅಂದ ಕಷ್ಟಪಟ್ಟು. "ದಡಕ್ಕೆ... ಹೋಗಿ."

"ಬಾಯಿ ಮುಚ್ಚೋ!" ಅವಳು ಕಿರುಚಿದಳು. "ಮಂಜೇಶ, ನನ್ನ ನೋಡೋ! ಕೈ ಬಿಡಬೇಡ!"

ಹೆಗಲಲ್ಲಿದ್ದ ಟ್ರೈಪಾಡ್ ಕೆಳಗಿಳಿಸಿ ಅದರ ಕಾಲುಗಳನ್ನು ಪೂರ್ತಿ ಎಳೆದು ಉದ್ದ ಮಾಡಿದಳು. ಐಸಿನ ಮೇಲೆ ಬೋರಲಾಗಿ ಮಲಗಿ, ದಡದ ಕಡೆಯಿಂದ ಬಳಸಿಕೊಂಡು, ತೆವಳುತ್ತಾ ಅವನತ್ತ ಸರಿದಳು. ಎದೆಯ ಕೆಳಗೆ ಐಸು ಕಿರ್ರೆನ್ನುವುದು ಕೇಳಿಸುತ್ತಿತ್ತು. ಇಂಚರಳ ಮುಖ ಕಣ್ಣೆದುರು ಬಂತು. ಆದರೂ ಮುಂದೆ ಸರಿದಳು.

"ಹಿಡ್ಕೋ! ಎರಡೂ ಕೈಯಲ್ಲಿ!"

ಅವನ ಬೆರಳುಗಳು ಟ್ರೈಪಾಡಿನ ಕಾಲಿಗೆ ತಾಗಿದವು, ಜಾರಿದವು. "ಆಗ್ತಿಲ್ಲ... ಬಿಡು ಲಾವಣ್ಯಾ."

"ಬಿಡಲ್ಲ! ಈಜೋ ಹಾಗೆ ಕಾಲು ಒದಿ! ಒದಿಯೋ!"

ಅವನು ಮೊಣಕೈಯನ್ನು ಟ್ರೈಪಾಡಿಗೆ ಸುತ್ತಿಕೊಂಡ. ಒದ್ದ. ಅವಳು ಎಳೆದಳು. ಭುಜ ಕಿತ್ತು ಬರುತ್ತದೆ ಅನ್ನಿಸಿತು. ಅವನ ಎದೆ ಮೇಲೆ ಬಂತು, ಅಂಚು ಮುರಿದು ಮತ್ತೆ ಮುಳುಗಿದ. ಇನ್ನೊಮ್ಮೆ ಎಳೆದಳು. ಈ ಸಲ ಐಸು ತಡೆಯಿತು. ಸೊಂಟ ಬಂತು, ಮಂಡಿ ಬಂತು.

"ಏಳ್ಬೇಡ. ಹಾಗೇ ತೆವಳ್ಕೊಂಡು ಬಾ. ನನ್ನ ಹಿಂದೇನೇ ಬಾ."

ಇಬ್ಬರೂ ತೆವಳಿಕೊಂಡೇ ದಡ ಸೇರಿದರು.

ತನ್ನ ಕಾರಿನವರೆಗೆ ಅವನನ್ನು ಹೇಗೆ ಎಳೆತಂದಳೋ ಅವಳಿಗೆ ಆಮೇಲೆ ನೆನಪೇ ಇರಲಿಲ್ಲ. 911ಕ್ಕೆ ಫೋನ್ ಮಾಡಿದಳು. ಹೀಟರ್ ಪೂರ್ತಿ ತಿರುಗಿಸಿ, ಒದ್ದೆ ಜಾಕೆಟ್, ಶರ್ಟು, ಬೂಟು ಎಲ್ಲ ಕಿತ್ತು ಹಾಕಿದಳು. ತನ್ನ ಕೋಟು ಹೊದಿಸಿದಳು. ಹಿಂದಿನ ಸೀಟಿನಲ್ಲಿದ್ದ ಇಂಚರಳ ಗುಲಾಬಿ ಯುನಿಕಾರ್ನ್ ಕಂಬಳಿ ಸುತ್ತಿದಳು. ಅವನ ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಅವಳು ಅವನನ್ನು ಅಪ್ಪಿಕೊಂಡು, ತಲೆಯನ್ನು ತನ್ನ ಕತ್ತಿನ ಬುಡದಲ್ಲಿ ಒತ್ತಿಕೊಂಡು ಕೂತಳು.

"ಮಲಗ್ಬೇಡ. ಮಾತಾಡು. ಏನಾದ್ರೂ ಮಾತಾಡು."

"ಕ್ಯಾ... ಕ್ಯಾಮೆರಾ ಹೋಯ್ತು."

"ಹಾಳಾಗ್ ಹೋಗ್ಲಿ ಕ್ಯಾಮೆರಾ!" ಈಗ ಅಳು ತಡೆಯಲಿಲ್ಲ. "ನೀನು ಹೋಗಿದ್ರೆ? ನಾನೇನು ಮಾಡ್ಬೇಕಿತ್ತೋ? ನನ್ನ ಮದುವೆ ಆಗು ಅಂತ ಕೇಳೋಣ ಅಂತ ಎಷ್ಟು ಸಲ ಫೋನ್ ಎತ್ಕೊಂಡು ಇಟ್ಟಿದ್ದೀನಿ ಗೊತ್ತಾ?"

ಅವನು ನಡುಗುತ್ತಲೇ ಇದ್ದ. "ಮತ್ತೆ ಯಾಕೆ... ಕೇಳ್ಲಿಲ್ಲ?"

"ನೀನು ಹೂಂ ಅಂದ್ರೆ ವೀಸಾಕ್ಕೆ ಅಂದ್ಯೋ ನನಗೆ ಅಂದ್ಯೋ ಅಂತ ಹೇಗೆ ತಿಳ್ಕೊಳ್ಳಲಿ? ಅಂಥ ಗತಿ ಬಂದಿಲ್ಲ ಅಂದ್ಯಲ್ಲ."

"ಹುಚ್ಚಿ," ಅಂದ. ಆ ಒಂದು ಮಾತಿಗೆ ಅವನಿಗೆ ಬಹಳ ಹೊತ್ತು ಬೇಕಾಯಿತು. "ನಿಮ್ಮನ್ನ... ನಿನ್ನನ್ನ ಕಾಗದಪತ್ರಕ್ಕೆ ಕೇಳೋ ಗತಿ ಅಂದೆ. ಹೋದ ವರ್ಷದಿಂದ ಕೇಳ್ಬೇಕು ಅಂತಿದ್ದೆ. ಕೆಲಸ ಹೋದ್ಮೇಲೆ ಬಾಯಿ ಕಟ್ಟಿಹೋಯ್ತು. ಈಗ ಪ್ರೀತಿ ಅಂದ್ರೆ ಯಾರು ನಂಬ್ತಾರೆ?"

ಲಾವಣ್ಯಾ ಕಂಬಳಿಯನ್ನು ಅವನ ಕತ್ತಿನವರೆಗೆ ಎಳೆದಳು.

"ಇನ್ನೊಂದು," ಅವನು ಮೆಲ್ಲಗೆ ಹೇಳಿದ. "ನಿನ್ನ ಗಂಡ ಜಗಳ ಆದಾಗೆಲ್ಲ 'ನನ್ನಿಂದ ಗ್ರೀನ್ ಕಾರ್ಡ್ ಬಂತು ನಿನಗೆ' ಅಂತಿದ್ದ ಅಂದಿದ್ಯಲ್ಲ. ಒಂದಿನ ನೀನೂ ನನಗೆ ಅದನ್ನೇ ಅಂದ್ರೆ? ನಾನು ತಡ್ಕೊಳ್ಳಲ್ಲ, ಲಾವಣ್ಯಾ. ಬೇರೆ ಯಾರು ಅಂದ್ರೂ ತಡ್ಕೋತೀನಿ."

ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವನ ಕೆನ್ನೆ ಇನ್ನೂ ತಣ್ಣಗಿತ್ತು, ರೆಪ್ಪೆಯ ಮೇಲಿನ ಐಸು ಕರಗಿ ಇಳಿಯುತ್ತಿತ್ತು. ಸುಳ್ಳು ಭರವಸೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

"ನನ್ನ ಬಾಯಿ ಒಳ್ಳೇದಲ್ಲ. ಕೋಪ ಬಂದ್ರೆ ಏನೇನೋ ಬೈತೀನಿ. ಸೋಮಾರಿ ಅಂತೀನಿ, ಮುಂಗೋಪಿ ಅಂತೀನಿ. ಆ ಮಾತು ಮಾತ್ರ ನನ್ನ ಬಾಯಲ್ಲಿ ಬರಲ್ಲ. ಅದು ಎಲ್ಲಿ ಚುಚ್ಚುತ್ತೆ ಅಂತ ನನಗೆ ಗೊತ್ತು ಕಣೋ." ಅವಳ ದನಿ ಒಡೆಯಿತು. "ನಾನು ಇಂಚರನ್ನ ಬಿಟ್ಟು ನಿನ್ನ ಹಿಂದೆ ಬರೋಕಾಗಲ್ಲ. ಕೋರ್ಟು ಅವಳನ್ನ ಈ ಸ್ಟೇಟ್ ದಾಟಿಸೋಕೆ ಬಿಡಲ್ಲ. ನೀನು ಹೋದ್ರೆ ಅಷ್ಟೇ. ಹೋಗ್ಬೇಡ. ನನ್ನ ಕೈಲಿ ಬೈಸ್ಕೊಳ್ಳೋಕಾದ್ರೂ ಇಲ್ಲಿರು."

ಮಂಜೇಶ್ ಅವಳನ್ನೇ ನೋಡಿದ. ನಗಲು ನೋಡಿದ, ತುಟಿ ಬಗ್ಗಲಿಲ್ಲ. ಬೆರಳುಗಳಿಗೆ ಇನ್ನೂ ಜೀವ ಬಂದಿರಲಿಲ್ಲ, ಹಾಗಾಗಿ ಮುಂಗೈಯಿಂದಲೇ ಅವಳ ಕಣ್ಣೀರು ಒರೆಸಿದ. ಒರೆಸುತ್ತಾ ಅವನೂ ಅತ್ತ.

"ಇರ್ತೀನಿ," ಅಂದ. ಮತ್ತೆ, ತನಗೇ ಖಾತ್ರಿ ಮಾಡಿಕೊಳ್ಳುವವನಂತೆ, "ಇರ್ತೀನಿ ಕಣೇ."

ಸೈರನ್ ಕೇಳಿಸಿತು. ಆಂಬುಲೆನ್ಸಿನಿಂದ ಇಳಿದ ದಪ್ಪ ಮೀಸೆಯ ಮನುಷ್ಯ ಕಾರಿನ ಬಾಗಿಲು ತೆಗೆದು, ಮಂಜೇಶನ ನಾಡಿ ನೋಡಿ, ಸ್ಟ್ರೆಚರ್ ತರಿಸಿದ. ಅವನನ್ನು ಒಳಗೆ ಹತ್ತಿಸುತ್ತಾ ಲಾವಣ್ಯಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ, ಇವರು ನಿಮಗೆ ಏನಾಗಬೇಕು, ಮನೆಯವರಾದರೆ ಮಾತ್ರ ಜೊತೆಗೆ ಬನ್ನಿ.

ಕೋಟಿಲ್ಲದೆ ಗಾಳಿಯಲ್ಲಿ ನಡುಗುತ್ತಿದ್ದ ಅವಳು ಒಂದು ಕ್ಷಣ ತಡೆದಳು. ಒಳಗಿಂದ ಮಂಜೇಶ್ ತಲೆ ಎತ್ತಿ ನೋಡುತ್ತಿದ್ದ. ಅವಳೇನು ಹೇಳುತ್ತಾಳೋ ಅಂತ ಅವನ ಕಣ್ಣು ಕಾಯುತ್ತಿತ್ತು.

"ಮನೆಯವರೇ," ಅಂದಳು. ಕನ್ನಡದಲ್ಲಿ ಅಂದಿದ್ದು ಗೊತ್ತಾಗಿ, ಇಂಗ್ಲಿಷಿನಲ್ಲಿ ಇನ್ನೊಮ್ಮೆ ಜೋರಾಗಿ ಹೇಳಿದಳು.

ಬಾಗಿಲು ಮುಚ್ಚಿತು. ಅವಳು ಅವನ ಪಕ್ಕ ಕೂತು ಕಂಬಳಿಯೊಳಗೆ ಕೈ ಹಾಕಿ ಅವನ ಕೈ ಹುಡುಕಿದಳು. ಗಾಡಿ ಹೊರಟಿತು.

"ಸೋಮವಾರದ ಫ್ಲೈಟು..." ಅವನು ಶುರು ಮಾಡಿದ.

"ಹೋಗ್ಲಿ ಬಿಡು," ಅಂದಳು ಲಾವಣ್ಯಾ. "ಅದರ ಪಾಡಿಗೆ ಅದು ಹೋಗ್ಲಿ."