ಚುಕ್ಕಿಯ ಹಿಂದೆ ಅಡಗಿಸಿಟ್ಟದ್ದು

“ನನ್ನ ಕಂಪ್ಯೂಟರಿನಾಗ ಏನು ಕದಿಯಾಕತ್ತೀರಿ?”

ಬಸವೇಶ್ವರಿಯ ದನಿಗೆ ದೇವಿಂದ್ರ ಬೆಚ್ಚಿ ತಿರುಗಿದ. ಕಂಪ್ಯೂಟರಿಗೆ ಅವನ ಪೆನ್‌ಡ್ರೈವ್ ಚುಚ್ಚಿತ್ತು. ಶಹಾಪುರದ ಆ ಡಿಟಿಪಿ ಅಂಗಡಿಯಲ್ಲಿ ಬಸವೇಶ್ವರಿ ಟೈಪ್ ಮಾಡುವವಳು, ಅವನು ಯಂತ್ರಗಳನ್ನು ನೋಡಿಕೊಳ್ಳುವವನು. ಪಕ್ಕದಲ್ಲೇ ಕೂರುವ ಅವನನ್ನು ಕದ್ದು ನೋಡುವುದು ಅವಳಿಗೆ ರೂಢಿಯಾಗಿತ್ತು. ಅಂಥವನೇ ಹೀಗೆ...?

“ಈ ಹಳೇದು ನಾಳಿ ಹೋಗಿ ಹೊಸಾದು ಬರ್ತದ... ಅದ್ಕ...”

“ಅದ್ಕ ಏನು?” ಎನ್ನುತ್ತ ಮಾಲೀಕ ಅಂಬ್ರಪ್ಪ ಒಳಗೆ ಬಂದ.

ದೇವಿಂದ್ರ ಅವಳ ಮುಖ ನೋಡಿದ. ತಲೆ ತಗ್ಗಿಸಿದ. ಗಿರಾಕಿಗಳ ಕಾಗದಪತ್ರಗಳೆಲ್ಲ ಇದ್ದ ಅಂಗಡಿ. ಅಂಬ್ರಪ್ಪನದೋ ಹಿತ್ತಾಳೆ ಕಿವಿ; ಅವಳ ‘ಕದಿಯಾಕತ್ತೀರಿ’ ಅದಕ್ಕೆ ಬಿದ್ದಿತ್ತು. “ಇವತ್ತಿಂದ ಬರಬ್ಯಾಡ” ಎಂದುಬಿಟ್ಟ. ದೇವಿಂದ್ರ ಪೆನ್‌ಡ್ರೈವನ್ನೂ ಅಲ್ಲೇ ಬಿಟ್ಟು ತನ್ನೂರು ಸುರಪುರದ ಬಸ್ಸು ಹಿಡಿಯಲು ಹೊರಟುಹೋದ.

ಕಳವಿನ ಮಾಲು ನೋಡಿಯೇಬಿಡೋಣ ಎಂದು ಅವಳು ಪೆನ್‌ಡ್ರೈವ್ ತೆರೆದಳು. ಖಾಲಿ! ಈ ಲಿನಕ್ಸ್ ಕಂಪ್ಯೂಟರಿನಲ್ಲಿ ಚುಕ್ಕಿಯಿಂದ ಹೆಸರು ಶುರುವಾಗುವ ಫೈಲುಗಳು ಹಾಗೆಲ್ಲ ಕಾಣುವುದಿಲ್ಲ... ಅವನ್ನು ತೋರಿಸುವ ಕೀಲಿ ಒತ್ತಿದಳು. ಒಂದೇ ಫೈಲು. ಅವಳಿಗೆ ಕಂಪ್ಯೂಟರ್ ಹೇಗಿರಬೇಕೆಂಬ ಸೆಟ್ಟಿಂಗುಗಳು. ನಡುನಡುವೆ, ಯಂತ್ರ ಓದದ, ದೇವಿಂದ್ರ ತನಗಾಗಿ ಬರೆದುಕೊಂಡ ಟಿಪ್ಪಣಿ ಸಾಲುಗಳು.

‘ಅಕ್ಷರ ದೊಡ್ಡವು. ಎಡಕ್ಕಿಟ್ಟ ಚಹಾ ಆಕಿಗೆ ಕಾಣಂಗಿಲ್ಲ. ಆ ಕಣ್ಣು ಇಲ್ಲ.’

‘ಬೆಳಕು ಕಡಿಮಿ. ಸಂಜಿಮುಂದ ಇನ್ನೊಂದು ಕಣ್ಣಾಗ ನೀರು ಬರ್ತದ.’

‘ಆಕಿ ಅಂದ್ರ ನನಗ ಜೀವ. ಇದನ್ನ ಯಾರೂ ಓದಂಗಿಲ್ಲ.’

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಕೆಲಸ ಹೋದೀತೆಂಬ ಅಂಜಿಕೆಗೆ ಆ ಕಣ್ಣಿನ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಣ್ಣಿಗೆ ಹಿತವೆನಿಸಿದ್ದಕ್ಕೆ ಈ ಕಂಪ್ಯೂಟರೇ ಒಳ್ಳೆಯದು ಎಂದುಕೊಂಡಿದ್ದಳು, ಪೆದ್ದು! ಹೊಸದಕ್ಕೂ ಅದೇ ಸೆಟ್ಟಿಂಗ್ ಹಾಕಲು ಹೊರಟವನು, ಮಾಲೀಕನ ಮುಂದೆ ಅವಳ ಗುಟ್ಟು ಬಿಡದೆ, ಕಳ್ಳನೆನಿಸಿಕೊಂಡು ಹೋಗಿದ್ದ.

ಅಯ್ಯೋ, ಏನು ಮಾಡಿಬಿಟ್ಟೆ...

“ಸಾವ್ಕಾರ್ರ, ನನಗ ಒಂದು ಕಣ್ಣು ಕಾಣಂಗಿಲ್ರಿ. ಅದನ್ನ ಮುಚ್ಚಾಕ ಹೋಗಿ ಅವ್ರು ಕಳ್ಳ ಆದ್ರು. ತೆಗೀತೀರಂದ್ರ ನನ್ನ ತೆಗೀರಿ.”

ಅಂಬ್ರಪ್ಪನ ಉತ್ತರಕ್ಕೂ ಕಾಯದೆ ಅವಳು ಬಸ್ ನಿಲ್ದಾಣಕ್ಕೆ ಓಡಿದಳು. ದೇವಿಂದ್ರ ಆಗಲೇ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ.

“ಇಳೀರಿ,” ಎಂದಳು ಏದುಸಿರು ಬಿಡುತ್ತ. “ಎಲ್ಲಾ ಓದಿದೆ.”

ಅವನ ಮುಖ ಬಿಳುಚಿತು. “ಎಲ್ಲಾ ಅಂದ್ರ... ಕಡೀ ಸಾಲೂ?”

“ಅದನ್ನೂ. ಸಾವ್ಕಾರ್ರಿಗೆ ನನ್ನ ಕಣ್ಣಿಂದು ಹೇಳಿ ಬಂದೀನಿ.”

“ಕೆಲಸಾ ಹೋತಂದ್ರ?”

“ಹೋಗ್ಲಿ. ನಿಮ್ಮನ್ನ ಕಳ್ಳ ಅಂದೆನಲ್ಲ... ತಪ್ಪಾತ್ರಿ.”

ಅವಳಿಗೆ ಅಳು ಬಂತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ಅವನು ಕೆಳಗೆ ಅವಳೆದುರು ನಿಂತಿದ್ದ.

“ನಿಮ್ಮ ಮನ್ಯಾಗ ನನ್ನಂಥಾಕಿನ್ನ ಒಪ್ತಾರೇನ್ರಿ?”

“ಮದ್ಲ ನೀವು ಒಪ್ಪೀರೇನು ಹೇಳ್ರಿ.”

“ನಾ ಒಪ್ಪಿ ಎರಡು ವರ್ಷ ಆತ್ರಿ.”