ಗಣಿಯ ನಕಾಶೆ

೨೦೦೮ರ ಏಪ್ರಿಲ್ ಮಧ್ಯಾಹ್ನ, ವಾಡಿ ಹತ್ತಿರದ ಹಳ್ಳಿಶಾಲೆಯಲ್ಲಿ ನಾನು ಕಂಪ್ಯೂಟರಿನ ಉಪಗ್ರಹ ನಕಾಶೆ ತೋರಿಸಿ ಭೂಗೋಳ ಕಲಿಸುತ್ತಿದ್ದೆ. ಊರ ಕಲ್ಲುಗಣಿ ಪರದೆ ತುಂಬಿತು. ಅದರ ತಳದಲ್ಲಿ ಒಬ್ಬ ಮನುಷ್ಯ ಮುಖ ಮೇಲೆತ್ತಿ ನಿಂತಿದ್ದ.

“ಅಂವ ನಮ್ಮಪ್ಪ ಅದಾನ್ರಿ ಟೀಚರ್,” ಎಂದಳು ಒಂಬತ್ತನೇ ತರಗತಿಯ ಉಮಾದೇವಿ.

ಅವಳಪ್ಪ ಮಡಿವಾಳಯ್ಯ ಎರಡು ವರ್ಷದ ಹಿಂದೆ ಅಲ್ಲೇ ಕಲ್ಲಿನಡಿ ಸಿಕ್ಕಿ ಸತ್ತಿದ್ದ. ಗಣಿ ಮಾಲೀಕ ಹೆಣ ತೆಗೆಸಲಿಲ್ಲ. ಊರು ಬಿಟ್ಟು ಓಡಿಹೋದನೆಂದು ಪೊಲೀಸರಲ್ಲಿ ಬರೆಸಿದ. ಸಿಟ್ಟಿಗೆ ನನ್ನ ಮೈ ಉರಿಯಿತು. ಆದರೆ ಕೋಣೆ ತಣ್ಣಗಾಗಿತ್ತು. ಸ್ಪೀಕರಿಲ್ಲದ ಕಂಪ್ಯೂಟರಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು.

ಮಾಲೀಕನ ತಮ್ಮನೇ ನಮ್ಮ ಹೆಡ್‌ಮಾಸ್ತರ್. ಒಳಬಂದವರೇ, “ಬಂದ್ ಮಾಡ್ರಿ ಅದನ್ನ!” ಎಂದು ಚೀರಿದರು.

“ಎರಡು ವರ್ಷ ಎಲ್ಲಾರ ಬಾಯಿ ಬಂದ್ ಮಾಡೀರಿ, ಸಾಕಾಗಿಲ್ಲೇನ್ರಿ? ನಾ ಮಾಡಂಗಿಲ್ಲ!” ಎಂದೆ.

ಅವರೇ ವೈರು ಕಿತ್ತರು. ಪರದೆಯಿಂದ ನಕಾಶೆ ಹೋಗಲಿಲ್ಲ. ಗಣಿ ಮಾತ್ರ ಖಾಲಿಯಾಗಿತ್ತು. ನಕಾಶೆಯ ಅಂಚಿಗೆ ಕಾಣುತ್ತಿದ್ದ ನಮ್ಮ ಶಾಲೆಯ ಅಂಗಳದಲ್ಲಿ ಈಗ ಮಡಿವಾಳಯ್ಯ ನಿಂತಿದ್ದ.